ಮಾರ್ನರ್ ಇಲ್ಲದ ಟೊರೊಂಟೊ

2025ರ ಅಕ್ಟೋಬರ್ 7ರಂದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2025-26ರ ಋತು ಆರಂಭವಾಗುತ್ತದೆ. ಮರುದಿನ ಟೊರೊಂಟೊ ಮೇಪಲ್ ಲೀಫ್ಸ್ ತಂಡವು ತವರಿನ ಅಂಗಳದಲ್ಲಿ ಮಾಂಟ್ರಿಯಲ್ ತಂಡವನ್ನು ಎದುರಿಸುತ್ತದೆ. 1967ರಿಂದ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಕಾಣದ ಈ ತಂಡವನ್ನು ಮೆಚ್ಚಿಕೊಂಡವರಿಗೆ ತಾಳ್ಮೆಯನ್ನು ಬೇರೆ ಕಲಿಸಬೇಕಾಗಿಲ್ಲ.

ಈ ಬಾರಿ ನನ್ನನ್ನು ಕಾಡುತ್ತಿರುವುದು ಮಿಚ್ ಮಾರ್ನರ್ ಅವರ ನಿರ್ಗಮನ. ಕಳೆದ ಋತುವಿನಲ್ಲಿ ಗೋಲು ಮತ್ತು ಗೋಲಿಗೆ ನೆರವಾದ ಪಾಸು ಸೇರಿ 102 ಅಂಕ ಗಳಿಸಿದ ಅವರು ಈಗ ವೇಗಸ್ ತಂಡದಲ್ಲಿದ್ದಾರೆ. ಎದುರಾಳಿಯೊಬ್ಬ ಎರಡು ನಿಮಿಷದ ಶಿಕ್ಷೆಗೆ ಹೊರಗೆ ಕುಳಿತಾಗ, ಮಾರ್ನರ್ ಅಂಚಿನ ಹಲಗೆಯ ಬಳಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ರಕ್ಷಕನ ಭುಜ ಒಂದಿಷ್ಟು ವಾಲಿದ್ದೇ ತಡ, ಅವನ ಕೋಲಿನ ಕೆಳಗಿನಿಂದಲೇ ಪಕ್ ಜಾರಿ ಆಸ್ಟನ್ ಮ್ಯಾಥ್ಯೂಸ್ ಅವರನ್ನು ತಲುಪುತ್ತಿತ್ತು. 2023-24ರಲ್ಲಿ 69 ಗೋಲು ಹೊಡೆದ ಮ್ಯಾಥ್ಯೂಸ್ ಕಳೆದ ವರ್ಷ ಗಾಯದಿಂದಾಗಿ 33ಕ್ಕೆ ಇಳಿದಿದ್ದರು. ಆ ಪಾಸುಗಳಿಲ್ಲದೆ ಅವರು ಹಳೆಯ ಲಯಕ್ಕೆ ಮರಳುವರೇ ಎಂಬುದರ ಮೇಲೆ ಇಡೀ ಋತು ನಿಂತಿದೆಯೆಂದು ನನಗನಿಸುತ್ತದೆ. ಹಾಗೆಂದು, ಮೇ ತಿಂಗಳಲ್ಲಿ ಫ್ಲಾರಿಡಾ ಎದುರಿನ ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೆಯ ಪಂದ್ಯವನ್ನು ತವರಿನಲ್ಲೇ 6-1ರಿಂದ ಸೋತಾಗ ಮಾರ್ನರ್ ಇದ್ದರಲ್ಲ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಸತತ ಎರಡು ಕಪ್ ಗೆದ್ದಿರುವ ಫ್ಲಾರಿಡಾಗೂ ಈಗ ಸಂಕಟವಿದೆ: ನಾಯಕ ಬಾರ್ಕೊವ್ ಅವರು ತರಬೇತಿ ಶಿಬಿರದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹೊರಗುಳಿಯಲಿದ್ದಾರೆ. 2026ರ ಫೆಬ್ರವರಿಯಲ್ಲಿ ಮಿಲಾನ್ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಲೀಗ್‌ಗೆ ಬಿಡುವಿದ್ದು, ಎನ್‌ಎಚ್‌ಎಲ್ ಆಟಗಾರರು 2014ರ ಬಳಿಕ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಆಡಲಿದ್ದಾರೆ. ಅಷ್ಟರೊಳಗೆ ಲೀಫ್ಸ್ ತಮ್ಮ ವಿಭಾಗದ ಮೊದಲ ಮೂರು ತಂಡಗಳಲ್ಲಿ ಇದ್ದರೆ ನನಗೆ ಅಷ್ಟೇ ಸಾಕು.