ಹದಿನಾರು ಸೆಕೆಂಡಿನ ಓಟ, ಅರ್ಧ ಗಂಟೆಯ ಕಾವು

ಡ್ರ್ಯಾಗ್ ರೇಸ್‌ನಲ್ಲಿ, ಅಂದರೆ ನೆಟ್ಟಗಿನ ದಾರಿಯ ಚಿಕ್ಕ ಓಟದಲ್ಲಿ, ಎಂಜಿನ್ ಕಾದು ಬಿಸಿಯಾಗೋದು ಓಡುವಾಗ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಕಾಯೋದು ಕ್ಯೂನಲ್ಲಿ.

ಗೆಳೆಯನ ಹಳೆಯ ಹೋಂಡಾ ಸಿಟಿ ವಿಟೆಕ್ ತಗೊಂಡು ಒಂದು ಏರ್‌ಸ್ಟ್ರಿಪ್‌ಗೆ ಹೋಗಿದ್ದೆವು. ಕಾಲು ಮೈಲಿ, ಅಂದರೆ 402 ಮೀಟರ್. ಮೊದಲ ಓಟ 16 ಸೆಕೆಂಡು ಚಿಲ್ಲರೆ, ಖುಷಿಯೋ ಖುಷಿ. ಎರಡನೇ ಸಲ ಬಿಸಿಲಲ್ಲಿ ಅರ್ಧ ಗಂಟೆ ಸಾಲಿನಲ್ಲಿ ನಿಂತು, ಮುಂದಿನ ಕಾರು ಸರಿದಾಗಲೆಲ್ಲ ಸ್ಟಾರ್ಟ್ ಮಾಡಿ, ಹತ್ತಡಿ ಹೋಗಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಅಂತೂ ಲೈನಿಗೆ ಬರುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸೋ ಮುಳ್ಳು ಮುಕ್ಕಾಲು ದಾಟಿತ್ತು. ಅದೇ ಕಾರು, ಅದೇ ಡ್ರೈವರ್, ಅರ್ಧ ಸೆಕೆಂಡು ಹೋಯ್ತು.

ಆಫ್ ಮಾಡಿದರೆ ತಣ್ಣಗಾಗುತ್ತೆ ಅನ್ನೋದು ನಮ್ಮ ಲೆಕ್ಕ ಅಲ್ವಾ? ಆ ಕಾರಿನಲ್ಲಿ ನೀರಿನ ಪಂಪು ತಿರುಗೋದು ಎಂಜಿನ್ ತಿರುಗಿದರೆ ಮಾತ್ರ. ಆಫ್ ಮಾಡಿದ ಕೂಡಲೇ ನೀರು ಇದ್ದಲ್ಲೇ ನಿಲ್ಲುತ್ತೆ, ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ಕಾವೆಲ್ಲ ಆ ನೀರಿಗೇ ಇಳಿಯುತ್ತೆ. ನಾವೇನೋ ಜಾಣರ ಹಾಗೆ ರೇಡಿಯೇಟರ್ ಫ್ಯಾನಿಗೆ ಬೇರೆ ಸ್ವಿಚ್ ಹಾಕಿಸಿದ್ದೆವು. ರೇಡಿಯೇಟರ್ ಮುಟ್ಟಿದರೆ ತಣ್ಣಗಿತ್ತು, ಎಂಜಿನ್ ಮಾತ್ರ ಕೆಂಡ. ತಣ್ಣಗಾದ ನೀರು ಒಳಗೆ ಹೋದರೆ ತಾನೆ!

ಪಕ್ಕದ ಟೆಂಟಿನ ಮೆಕ್ಯಾನಿಕ್ ಅಣ್ಣ ನೋಡಿ ನಕ್ಕರು. "ಯಾಕ್ರಪ್ಪಾ ಸುಮ್ನೆ ಸ್ಟಾರ್ಟ್ ಮಾಡ್ತೀರ? ತಳ್ಳಿ." ಅವರ ಕಾರಿನಲ್ಲಿ ಎಲೆಕ್ಟ್ರಿಕ್ ಪಂಪು, ಎಂಜಿನ್ ನಿಂತಿದ್ದರೂ ನೀರು ಸುತ್ತುತ್ತಲೇ ಇತ್ತು. ಎಂಜಿನ್ನಿಗೆ ಗಾಳಿ ಒಯ್ಯೋ ಇಂಟೇಕ್ ಮ್ಯಾನಿಫೋಲ್ಡ್ ಮೇಲೆ ಒದ್ದೆ ಟವೆಲ್ಲು, ಅದರ ಮೇಲೆ ಐಸ್ ತುಂಬಿದ ಪ್ಲಾಸ್ಟಿಕ್ ಕವರು. ತಣ್ಣನೆ ಗಾಳಿ ದಟ್ಟವಾಗಿರುತ್ತೆ, ಸಿಲಿಂಡರ್‌ಗೆ ಆಮ್ಲಜನಕ ಜಾಸ್ತಿ ಸಿಗುತ್ತೆ. ಬಿಸಿ ಗಾಳಿ ಬಂದರೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ನಾಕಿಂಗ್‌ಗೆ (ಇಂಧನ ತಾನಾಗೇ ಹೊತ್ತಿ ಬಡಿಯೋದಕ್ಕೆ) ಹೆದರಿ ಕಿಡಿ ಹಾರಿಸೋದನ್ನು ತಡಮಾಡಿಬಿಡುತ್ತೆ, ಶಕ್ತಿ ಕಮ್ಮಿಯಾಗುತ್ತೆ. ನಮ್ಮ ಅರ್ಧ ಸೆಕೆಂಡು ಹೋಗಿದ್ದು ಹೆಚ್ಚಾಗಿ ಅಲ್ಲೇ.

ಹಾಗಂತ ಪೂರ್ತಿ ತಣ್ಣಗೂ ಇರಬಾರದು. ಆಯಿಲ್ ಬಿಸಿ ಇರಬೇಕು, ಇಲ್ಲದಿದ್ದರೆ ಮಂದವಾಗಿ ಎಂಜಿನ್ನನ್ನು ಹಿಡಿದೆಳೆಯುತ್ತೆ. ನೀರು 70 ಡಿಗ್ರಿ ಆಸುಪಾಸು ಇದ್ದಾಗ ಓಟಕ್ಕೆ ಬಿಡೋದು ಅಣ್ಣನ ಲೆಕ್ಕ.

ಇನ್ನೊಂದು ವಿಷಯ, ಎಷ್ಟೋ ಸ್ಟ್ರಿಪ್‌ಗಳಲ್ಲಿ ಹಸಿರು ಕೂಲೆಂಟ್ ಹಾಕೋ ಹಾಗಿಲ್ಲ, ಬರೀ ನೀರು. ಕೂಲೆಂಟಿನಲ್ಲಿರೋ ಗ್ಲೈಕಾಲ್ ಚೆಲ್ಲಿದರೆ ಜಾರುತ್ತೆ, ಬೇಗ ಒಣಗೋದೂ ಇಲ್ಲ, ಹಿಂದೆ ಬರೋನ ಗತಿ ನೆನೆಸಿಕೊಳ್ಳಿ. ಐಸ್ ಕವರನ್ನೂ ಲೈನಿಗೆ ಹೋಗೋ ಮುಂಚೆ ತೆಗೆದು, ಒರೆಸಿಕೊಂಡೇ ಹೋಗಬೇಕು.

ಅಮೆರಿಕದ ಟಾಪ್ ಫ್ಯೂಯೆಲ್ ಅನ್ನೋ ಅತಿ ವೇಗದ ಡ್ರ್ಯಾಗ್ ಕಾರುಗಳಿಗೆ ರೇಡಿಯೇಟರೇ ಇಲ್ಲ ಗೊತ್ತಾ? ನೈಟ್ರೋಮೀಥೇನ್ ಎಷ್ಟು ಸುರಿಯುತ್ತಾರೆ ಅಂದರೆ ಆ ಇಂಧನವೇ ಆವಿಯಾಗುತ್ತಾ ಕಾವು ಹೀರಿಕೊಂಡು ಹೋಗುತ್ತೆ. 1000 ಅಡಿ, 4 ಸೆಕೆಂಡಿಗಿಂತ ಕಮ್ಮಿ, ಆಮೇಲೆ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸುತ್ತಾರೆ. ನಮಗೆ ಆ ಭಾಗ್ಯ ಇಲ್ಲ, ಸಂಜೆ ಅದೇ ಕಾರಲ್ಲಿ ಮನೆಗೆ ಹೋಗಬೇಕು.

ಮೂರನೇ ಸಲ ಬಾನೆಟ್ ತೆಗೆದಿಟ್ಟು, ಐಸ್ ಹೇರಿ, ಇಬ್ಬರೂ ಸಾಲಿನುದ್ದಕ್ಕೂ ತಳ್ಳಿದೆವು. ಟೈಮು ಮೊದಲಿನಷ್ಟಕ್ಕೇ ಬಂತು. ನನ್ನ ಸೊಂಟ ಇನ್ನೂ ಸರಿಹೋಗಿಲ್ಲ.