ಬೇಡ್ತಿ ಕೊಳ್ಳದ ಹಳ್ಳದಲ್ಲಿ ಏಡಿಗಳ ಸಂಗ್ರಹ

2024 ಜೂನ್ 16, ಭಾನುವಾರ. ಯಲ್ಲಾಪುರ.

ಬೇಡ್ತಿ ನದಿಯನ್ನು ಸೇರುವ ಒಂದು ಸಣ್ಣ ಹಳ್ಳದಲ್ಲಿ, ಅಡಿಕೆ ತೋಟದ ಅಂಚಿನಿಂದ ಕಾಡಿನ ಕಡೆಗೆ ಮೇಲೇರುತ್ತಾ ಇಂದಿನ ಸಂಗ್ರಹ ನಡೆಯಿತು. ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲಿ ಎಷ್ಟು ಮಾದರಿಗಳನ್ನು ತೆಗೆದುಕೊಳ್ಳಬಹುದೆಂಬುದು ಸ್ಪಷ್ಟವಾಗಿದೆ; ಅದಕ್ಕಿಂತ ಕಡಿಮೆ ತೆಗೆದುಕೊಂಡು ಹೆಚ್ಚು ಬರೆದುಕೊಂಡು ಬರುವುದು ನಾನು ಅನುಸರಿಸುತ್ತಿರುವ ಕ್ರಮ. ಹಳ್ಳದ ಹೆಸರನ್ನು ಇಲ್ಲಿ ಬೇಕೆಂದೇ ಕೊಡುತ್ತಿಲ್ಲ. ಬಣ್ಣದ ಏಡಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವುದಕ್ಕಾಗಿ ಹುಡುಕುವವರಿಗೆ ಇಂಥ ಬರಹ ದಾರಿ ತೋರಿಸಬಾರದು.

ರಾತ್ರಿಯ ಮಳೆ ನಿಂತಿದ್ದರಿಂದ ನೀರು ಇನ್ನೂ ತಿಳಿಯಾಗಿತ್ತು. ಕಲ್ಲನ್ನು ಯಾವಾಗಲೂ ನೀರು ಹರಿದು ಹೋಗುವ ಬದಿಯಿಂದ ನಿಧಾನವಾಗಿ ಎತ್ತಬೇಕು. ಆಗ ಕದಡಿದ ಮಣ್ಣು ಹಿಂದಕ್ಕೆ ಸಾಗಿ, ಅಡಿಯಲ್ಲಿರುವ ಜೀವಿ ಕಣ್ಣಿಗೆ ಬೀಳುತ್ತದೆ. ನೋಡಿಯಾದ ಮೇಲೆ ಅದೇ ಕಲ್ಲನ್ನು ಅದೇ ಗುಂಡಿಯಲ್ಲಿ, ಮೊದಲಿನ ಮುಖವೇ ಕೆಳಗೆ ಬರುವಂತೆ ಕೂರಿಸುವುದು ಸಂಗ್ರಹದಷ್ಟೇ ಮುಖ್ಯವಾದ ಕೆಲಸ, ಏಕೆಂದರೆ ಆ ಕಲ್ಲಿನ ಅಡಿಯ ತಂಪನ್ನು ನಂಬಿ ಏಡಿಯ ಜೊತೆಗೆ ಹತ್ತಾರು ಹುಳುಗಳೂ ಬದುಕಿರುತ್ತವೆ. ದಡದ ಬೇರುಗಳ ನಡುವೆ ಕೈಬಲೆ ಆಡಿಸಿದಾಗ ಸಿಕ್ಕಿದ್ದು ಸಿಹಿನೀರಿನ ಸಣ್ಣ ಸೀಗಡಿಗಳು. ಮುಂಗಾಲುಗಳ ತುದಿಯಲ್ಲಿ ಕೂದಲಿನ ಗೊಂಚಲಿದ್ದು, ಅದರಿಂದ ಕಲ್ಲಿನ ಮೇಲಿನ ಪಾಚಿಯನ್ನು ಗುಡಿಸಿ ತಿನ್ನುವ ಕ್ಯಾರಿಡಿನಾ ಕುಲದವು ಇವು. ಎರಡನೆಯ ಜೊತೆ ಕಾಲು ಉದ್ದವಾಗಿ ಬೆಳೆದ ಮ್ಯಾಕ್ರೋಬ್ರೇಕಿಯಂ ಕುಲದ ಸೀಗಡಿ ಈ ಮೇಲ್ಭಾಗದಲ್ಲಿ ಕಾಣಲಿಲ್ಲ.

ತೋಟದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಬಹಳ ಹೊತ್ತು ನಿಂತು ನೋಡಿ, "ತಂಗೀ, ಸಾರಿಗೆ ಹಾಕೋ ಏಡಿ ಈ ಹಳ್ಳದಾಗೆ ಸಿಗ್ತದೆ. ಬಣ್ಣದ್ದು ಬೇಕಾದ್ರೆ ಮೇಲೆ ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ನೋಡು, ಅದು ನೀರಿಗೆ ಇಳಿಯೋದು ಕಡಿಮೆ" ಎಂದರು. ಅವರ ಮಾತು ಪೂರ್ತಿ ನಿಜ. ಜಂಬಿಟ್ಟಿಗೆಯ ಬಿರುಕುಗಳಲ್ಲಿ, ಮರದ ಪೊಟರೆಗಳಲ್ಲಿ ಬದುಕುವ ಏಡಿಗಳು ಈ ಘಟ್ಟದಲ್ಲಿವೆ; 2014ರಲ್ಲಿ ಸ್ಥಾಪಿತವಾದ ಘಟಿಯಾನಾ ಕುಲದಲ್ಲಿ ಅಂಥವು ಸೇರಿವೆ. ಬಿಳಿ ಮತ್ತು ಕೆನ್ನೇರಳೆ ಬಣ್ಣಗಳ ಘಟಿಯಾನಾ ದ್ವಿವರ್ಣ 2022ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ಇದೇ ಯಲ್ಲಾಪುರದ ಸುತ್ತಿನಿಂದ. ಕ್ಷೇತ್ರದಲ್ಲಿ ಅದನ್ನು ಕಂಡು ಗಮನಿಸಿದ ಪರಶುರಾಮ ಭಜಂತ್ರಿ ಮತ್ತು ಗೋಪಾಲಕೃಷ್ಣ ಹೆಗಡೆಯವರು ವಿವರಣೆಯ ಸಹಲೇಖಕರೂ ಆದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ದಿನವೂ ಕಾಡಿನಲ್ಲಿ ನಡೆಯುವವರ ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ ಬಂದು ಹೋಗುವ ಸಂಶೋಧಕರಿಗೆ ಕಾಣಿಸುವುದಿಲ್ಲ.

ಮೇಲಿನ ತಿರುವಿನಲ್ಲಿ, ಒದ್ದೆ ಎಲೆಗಳ ಅಡಿಯಲ್ಲಿ ಒಂದು ಹೆಣ್ಣೇಡಿ ಅಲುಗಾಡದೆ ಕುಳಿತಿತ್ತು. ಮೆಲ್ಲಗೆ ಹಿಡಿದು ತಿರುಗಿಸಿದಾಗ ಹೊಟ್ಟೆಯ ಕೆಳಗೆ ಮಡಚಿದ ಅಗಲವಾದ ಪಟ್ಟಿಯು ಉಬ್ಬಿಕೊಂಡಿದ್ದು, ಅದರ ಅಂಚಿನಲ್ಲಿ ಹೆಸರುಕಾಳಿನಷ್ಟು ದೊಡ್ಡ ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಕಾಲಾಡಿಸುತ್ತಿದ್ದವು. ಕಣ್ಣು, ಇಕ್ಕುಳ, ನಡೆಯುವ ಕಾಲುಗಳೆಲ್ಲ ಮೂಡಿರುವ ಪೂರ್ತಿ ಏಡಿಗಳೇ ಅವು. ಸಮುದ್ರದ ಏಡಿಗಳ ಮರಿಗಳು ಮೊದಲು ಸೂಕ್ಷ್ಮ ಲಾರ್ವಾಗಳಾಗಿ ತೇಲಿ ದೂರದೂರಕ್ಕೆ ಹರಡುತ್ತವೆ. ಘಟ್ಟದ ಏಡಿಗಳಿಗೆ ಆ ಹಂತವೇ ಇಲ್ಲ. ಕೆಲವೇ ದೊಡ್ಡ ಮೊಟ್ಟೆಗಳು, ಅವುಗಳಿಂದ ನೇರವಾಗಿ ಮರಿಗಳು, ಆ ಮರಿಗಳು ತಾಯಿಯ ಹೊಟ್ಟೆ ಬಿಟ್ಟು ನಡೆದು ಹೋಗುವಷ್ಟೇ ದೂರ. ಒಂದು ಗುಡ್ಡದ ಏಡಿ ಪಕ್ಕದ ಕಣಿವೆಯನ್ನು ತಲುಪುವುದೇ ಕಷ್ಟವಾದ್ದರಿಂದ, ಪಶ್ಚಿಮ ಘಟ್ಟದ ಅನೇಕ ಪ್ರಭೇದಗಳು ಒಂದೆರಡು ಕಡೆ ಮಾತ್ರ ಸಿಗುತ್ತವೆ, ಮತ್ತು ಒಂದು ಹಳ್ಳ ಬತ್ತಿದರೆ ಅಥವಾ ಅದಕ್ಕೆ ಕೀಟನಾಶಕ ಸೇರಿದರೆ ಬೇರೆಲ್ಲಿಂದಲೋ ಬಂದು ಅವುಗಳ ಜಾಗ ತುಂಬುವ ಏಡಿಗಳು ಇರುವುದಿಲ್ಲ. ಈ ಹೆಣ್ಣಿನ ಚಿತ್ರ ತೆಗೆದು, ಚಿಪ್ಪಿನ ಅಗಲವನ್ನು ಅಳೆದು, ಕುಳಿತಿದ್ದಲ್ಲೇ ಬಿಟ್ಟೆ.

ಗುರುತಿಸುವಿಕೆಗೆ ಬೇಕಾದದ್ದು ಬೆಳೆದ ಗಂಡು. ಏಡಿಯ ಹೊಟ್ಟೆಪಟ್ಟಿಯ ಅಡಿಯಲ್ಲಿರುವ, ಸಂತಾನಕ್ರಿಯೆಗೆ ಮಾರ್ಪಟ್ಟ ಮೊದಲ ಜೊತೆ ಉಪಾಂಗಗಳ ಆಕಾರವೇ ಒಂದು ಪ್ರಭೇದವನ್ನು ಮತ್ತೊಂದರಿಂದ ಬೇರ್ಪಡಿಸುವ ಅತ್ಯಂತ ನಂಬಬಹುದಾದ ಗುರುತು. ಆದ್ದರಿಂದ ಹಳ್ಳದ ಕಂದು ಏಡಿಯ ಒಂದು ಗಂಡನ್ನೂ ಜಂಬಿಟ್ಟಿಗೆಯ ಸಂದಿಯಿಂದ ಹೊರಬಂದ ಕೆಂಪು ಕಾಲಿನ ಒಂದು ಗಂಡನ್ನೂ ಮಾತ್ರ ಇಟ್ಟುಕೊಂಡೆ. ಜೀವಂತ ಬಣ್ಣವನ್ನು ಹಲವು ಕೋನಗಳಿಂದ ಚಿತ್ರಿಸಿಕೊಂಡದ್ದಕ್ಕೆ ಕಾರಣವಿದೆ: ಆಲ್ಕೋಹಾಲಿನಲ್ಲಿ ಬಣ್ಣ ಬೇಗ ಮಾಸುತ್ತದೆ, ಹಾಗಾಗಿ ಹಳೆಯ ಸಂಗ್ರಹಗಳಲ್ಲಿ ಎಲ್ಲ ಏಡಿಗಳೂ ಒಂದೇ ಮಂಕು ಬಣ್ಣದಲ್ಲಿ ಕುಳಿತಿರುತ್ತವೆ. ಜೀವಂತ ಏಡಿಯನ್ನು ನೇರವಾಗಿ ಆಲ್ಕೋಹಾಲಿಗೆ ಹಾಕಿದರೆ ಅದು ಕಾಲುಗಳನ್ನು ಕಳಚಿಕೊಳ್ಳಬಹುದು. ಮೊದಲು ಐಸಿನಲ್ಲಿ ತಣಿಸಿ ಪೂರ್ತಿ ಮರಗಟ್ಟಿಸಿದರೆ ಅದಕ್ಕೂ ಹಿಂಸೆ ಕಡಿಮೆ, ಮಾದರಿಯೂ ಮುಕ್ಕಾಗುವುದಿಲ್ಲ. ಒಂದು ಕಾಲಿನ ತುಂಡು ಡಿಎನ್‌ಎ ಪರೀಕ್ಷೆಗಾಗಿ ಶೇ. 95ರ ಎಥನಾಲಿಗೆ ಹೋಯಿತು, ಉಳಿದ ದೇಹ ಶೇ. 70ರದಕ್ಕೆ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆದು ಬಾಟಲಿಯ ಒಳಗೇ ಹಾಕಿದೆ. ಸ್ಥಳ, ಎತ್ತರ, ದಿನಾಂಕ, ಯಾವ ಕಲ್ಲು, ಎಂಥ ನೀರು ಎಂಬುದಿಲ್ಲದ ಮಾದರಿಯಿಂದ, ಅದು ಎಷ್ಟೇ ಅಪರೂಪದ್ದಾಗಿದ್ದರೂ, ಒಂದು ಸತ್ತ ಏಡಿಗಿಂತ ಹೆಚ್ಚೇನೂ ತಿಳಿಯುವುದಿಲ್ಲ.

ಸಂಜೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಮೊದಲು ಬಾಯಿಯ ಭಾಗಗಳನ್ನು ನೋಡಿದೆ. ದವಡೆಗೆ ಹೊಂದಿಕೊಂಡಿರುವ ಸ್ಪರ್ಶಕದ ಕೊನೆಯ ಖಂಡ ಎರಡು ಹಾಲೆಗಳಾಗಿ ಸೀಳಿರುವುದರಿಂದ ಎರಡೂ ಏಡಿಗಳು ದಕ್ಷಿಣ ಭಾರತದಲ್ಲಿ ಪ್ರಧಾನವಾಗಿರುವ ಗೆಕಾರ್ಸಿನುಸಿಡೇ ಕುಟುಂಬದವು; ಹಿಮಾಲಯ ಮತ್ತು ಈಶಾನ್ಯದಲ್ಲಿ ಸಿಗುವ ಪೊಟಾಮಿಡೇಯಲ್ಲಿ ಆ ಸೀಳು ಇರುವುದಿಲ್ಲ. ಕಂದು ಏಡಿಯ ಚಿಪ್ಪಿನ ಬದಿಯ ಹಲ್ಲು, ಕಣ್ಣಿನ ಹಿಂದಿನ ಏಣು, ಎಡಗಡೆಯ ಉಪಾಂಗದ ಕೊನೆಯ ಖಂಡ ಇವೆಲ್ಲ 1836ರಲ್ಲೇ ಹೆಸರು ಪಡೆದ ಬ್ಯಾರಿಟೆಲ್ಫುಸಾ ಕುನಿಕುಲಾರಿಸ್‌ಗೆ ಹೊಂದಿಕೊಳ್ಳುತ್ತವೆ. ಪ್ರಾಣಿವಿಜ್ಞಾನಿ ಆಲ್ಫ್ರೆಡ್ ಆಲ್ಕಾಕ್ ಅವರು 1910ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸಿಹಿನೀರಿನ ಏಡಿಗಳ ಪಟ್ಟಿಯನ್ನು ಪ್ರಕಟಿಸಿದ ಮೇಲೆ ಕುಲಗಳ ಹೆಸರುಗಳು ಹಲವು ಸಲ ಅದಲುಬದಲಾಗಿರುವುದರಿಂದ ಹಳೆಯ ವಿವರಣೆಯನ್ನು ಹೊಸ ಪರಿಷ್ಕರಣೆಗಳ ಜೊತೆಗಿಟ್ಟೇ ಓದಬೇಕಾಗುತ್ತದೆ.

ಕೆಂಪು ಕಾಲಿನದು ಹಾಗೆ ಸುಲಭವಾಗಿ ಒಲಿಯಲಿಲ್ಲ. ಹೊಟ್ಟೆಪಟ್ಟಿಯ ಆಕಾರ ಒಂದು ವಿವರಣೆಗೆ ಸರಿಹೊಂದಿದರೆ, ಉಪಾಂಗದ ತುದಿ ಹೊರಕ್ಕೆ ಬಾಗಿದ ರೀತಿ ಮತ್ತೊಂದಕ್ಕೆ ಹತ್ತಿರವಾಗುತ್ತದೆ. ಬಣ್ಣವನ್ನು ನಂಬಿ ಹೆಸರಿಡುವುದು ಸರಿಯಲ್ಲ, ಒಂದೇ ಪ್ರಭೇದದಲ್ಲೂ ಬಣ್ಣ ಬೇರೆಬೇರೆಯಾಗಿರುತ್ತದೆ. ಉಪಾಂಗದ ರೇಖಾಚಿತ್ರವನ್ನು ಎರಡು ಬದಿಗಳಿಂದಲೂ ಬರೆದುಕೊಂಡಿದ್ದೇನೆ. ಪುಣೆಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸಂಗ್ರಹದ ಮಾದರಿಗಳೊಡನೆ ಹೋಲಿಸಿ ನೋಡುವವರೆಗೆ ಬಾಟಲಿಯ ಚೀಟಿಯಲ್ಲಿ ಕುಟುಂಬದ ಹೆಸರು ಮಾತ್ರ ಇರುತ್ತದೆ. ನಾಳೆ ಬೆಳಿಗ್ಗೆ ಎಥನಾಲನ್ನು ಬದಲಾಯಿಸಬೇಕು, ಏಡಿಯ ಮೈಯ ನೀರು ಸೇರಿ ಅದು ತೆಳುವಾಗಿರುತ್ತದೆ. ಆಮೇಲೆ ಸೀಗಡಿಗಳ ತಲೆಯಿಂದ ಮುಂದಕ್ಕೆ ಚಾಚಿದ ಚೂಪು ಮೂತಿಯ ಅಂಚಿನ ಹಲ್ಲುಗಳನ್ನು ಎಣಿಸುವುದು.