ಕತ್ತಿಯ ಅಲಗಿನ ಮೇಲಿನ ಕೆಂಪು

ಮೇ ತಿಂಗಳ ಕೊನೆ. ಸಾಗರದ ಹತ್ತಿರದ ತೋಟವೊಂದರ ಅಂಗಳದಲ್ಲಿ ಅಡಿಕೆ ಬೆಳೆಯುವ ಯುವಕ ಯುವತಿಯರಿಗೆ ಮೂರು ದಿನದ ತರಬೇತಿ. ಎರಡನೆಯ ದಿನ ಬೋರ್ಡೋ ದ್ರಾವಣದ ಪಾಠ; ನಮ್ಮ ಕಡೆಯ ಮಾತಿನಲ್ಲಿ ಕೊಳೆ ಔಷಧಿ.

ಮಳೆಗಾಲದಲ್ಲಿ ಎಳೆಗಾಯಿ ಕೊಳೆಯಿಸಿ ಉದುರಿಸುವ ಅಡಿಕೆಯ ಕೊಳೆರೋಗಕ್ಕೆ ಶಿಲೀಂಧ್ರದಂಥ ಸೂಕ್ಷ್ಮಜೀವಿಯೇ ಕಾರಣವೆಂದು ತೋರಿಸಿ, ಈ ಔಷಧಿಯನ್ನು ಮಲೆನಾಡಿನ ತೋಟಗಳಿಗೆ ತಂದವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ನೂರು ಮಳೆಗಾಲ ಕಳೆದರೂ ನಮ್ಮ ಮನೆಯಲ್ಲಿ ಅದು ಕೈಯಂದಾಜಿನ ಮೇಲೆಯೇ ನಡೆಯುತ್ತಿತ್ತು.

ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕದಡುತ್ತಲೇ ಇರಬೇಕು. ಮನೆಯಿಂದ ಒಯ್ದಿದ್ದ ಸುಣ್ಣದಲ್ಲಿ ನಾನೇ ಬೆರೆಸಿದೆ. ಬಣ್ಣ ಚೆಂದದ ತಿಳಿನೀಲಿ. "ಕತ್ತಿ ಅದ್ದಿ ನೋಡಮ್ಮ" ಎಂದರು ಕಲಿಸುವವರು. ಉಜ್ಜಿ ಫಳಫಳ ಮಾಡಿದ್ದ ಅಲಗು ಹೊರಬಂದಾಗ ಅದರ ತುದಿಗೆ ಕೆಂಪು ಪೊರೆ. ತಾಮ್ರ! ಚೀಲ ಬಿಚ್ಚಿ ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟ ಸುಣ್ಣ ಗಾಳಿಗೆ ಸತ್ವ ಕಳೆದುಕೊಂಡಿತ್ತು; ತುತ್ತದ ತಾಮ್ರವನ್ನೆಲ್ಲ ಹಿಡಿದಿಡಲು ಅದಕ್ಕೆ ಆಗಿರಲಿಲ್ಲ. ಹೀಗೆ ತಾಮ್ರ ಉಳಿದ ಔಷಧಿ ಎಳೆಗಾಯಿಯನ್ನು ಸುಡುತ್ತದೆ, ಮಳೆಗೆ ಅಂಟಿಯೂ ನಿಲ್ಲುವುದಿಲ್ಲ.

ನನಗೆ ಎದೆ ಧಸಕ್ಕೆಂದಿತು. ಹಿಂದಿನ ವರ್ಷ ಎರಡು ಸಲ ಔಷಧಿ ಹೊಡೆಸಿಯೂ ಮರದ ಬುಡದಲ್ಲೆಲ್ಲ ಹಸಿರು ಅಡಿಕೆ ಉದುರಿಬಿದ್ದಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಕೆಲವು ಮರ ಬಿಟ್ಟು ಹೊಡೆದಿದ್ದಾನೆ ಎಂದು ಅವನೆದುರೇ ಅಂದಿದ್ದೆವು. ಜಾರುವ ಮರಗಳಲ್ಲಿ ಜೀವ ಕೈಯಲ್ಲಿ ಹಿಡಿದು ತೂಗಾಡಿದವನಿಗೆ ಆ ಮಾತು!

ಅಲ್ಲಿ ಕಲಿಯಲು ಕೂತಿದ್ದವರೆಲ್ಲ ತೋಟದ ಮಾಲೀಕರ ಮಕ್ಕಳು. ಮಳೆಗಾಲವಿಡೀ ಡ್ರಮ್ಮಿನ ಮುಂದೆ ನಿಲ್ಲುವ ಹುಡುಗರು ಒಬ್ಬರೂ ಇರಲಿಲ್ಲ. ದಿನದ ಕೂಲಿ ಬಿಟ್ಟು ಅವರು ಹೇಗೆ ಬಂದಾರು? ಕೂಲಿ ಕಟ್ಟಿಕೊಟ್ಟಾದರೂ ಅವರನ್ನು ಕೂರಿಸಬೇಕು ಎಂದು ಅಲ್ಲಿಯೇ ಹೇಳಿದೆ. ಅಂದು ರಾತ್ರಿ ಅಪ್ಪನಿಗೂ ಹೇಳಿದೆ. ಮಾರನೆಯ ಬೆಳಿಗ್ಗೆ ಕೊನೆಗಾರನ ಹತ್ತೊಂಬತ್ತರ ಮಗ ನನ್ನೊಡನೆ ಬಂದ.

ಹೊಸ ಸುಟ್ಟ ಸುಣ್ಣ ತಂದು ಅವನೇ ಅರಳಿಸಿದ, ಸೋಸಿದ, ಬೆರೆಸಿದ. ಕತ್ತಿ ಅದ್ದಿದ. ಅಲಗು ಹೊಳೆಯುತ್ತಲೇ ಹೊರಬಂತು. ತಿರುಗಿಸಿ ತಿರುಗಿಸಿ ನೋಡಿ ಕೇಳಿದ: "ಅಕ್ಕ, ಹೋದ ವರ್ಷದ್ದು ಕೆಂಪಾಗುತ್ತಿತ್ತಾ?"

"ಆಗುತ್ತಿತ್ತು. ತಪ್ಪು ನಿನ್ನಪ್ಪನದಲ್ಲ."

ಸಂಜೆ ಅವನ ಮನೆಗೆ ಹೋಗಿ ಅದೇ ಮಾತನ್ನು ಅವನ ಅಪ್ಪನಿಗೂ ಹೇಳಿ ಬಂದೆ.